ಮಂದಾರಳ ಮರುಕಚ್ಚು

ನಮ್ಮೂರಿನಲ್ಲಿ ಸಹಿ ಹಾಕುವವನನ್ನು ಕಳ್ಳ ಎನ್ನುತ್ತಾರೆ, ಹೆಬ್ಬೆಟ್ಟು ಒತ್ತುವವನನ್ನು ಕಳ್ಳನ ತಮ್ಮ ಎನ್ನುತ್ತಾರೆ. ಮಾನವಂತರು ಕಚ್ಚುತ್ತಾರೆ. ಹಪ್ಪಳದಷ್ಟು ತೆಳ್ಳಗಿನ ಜೇನುಮೇಣದ ಬಿಲ್ಲೆಯನ್ನು ಬಾಯಿಗಿಟ್ಟು ಒಮ್ಮೆ ಗಟ್ಟಿಯಾಗಿ ಕಚ್ಚಿ ತೆಗೆದರೆ ಮುಗಿಯಿತು: ಹೊಲ ಕೈಬದಲಾಯಿತು, ಮದುವೆ ಆಯಿತು, ದಾಯಾದಿಗಳ ಜಗಳ ರಾಜಿಯಾಯಿತು. ಆ ಬಿಲ್ಲೆಗಳನ್ನು ಓದಿ, ಇದು ಇಂಥವರದೇ ಕಚ್ಚು ಎಂದು ಹೇಳುವ ಹುದ್ದೆ ನನ್ನದು. ಕಚ್ಚು ಕಚೇರಿಯ ಓಬಳೇಶಪ್ಪ ಎಂದರೆ ಏಳೂರಿನ ದವಡೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೂವತ್ತೊಂದು ವರ್ಷಗಳಲ್ಲಿ ನಾನು ಓದಿದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನನ್ನು ಮುಟ್ಟಿ, ಜಾಗ ಸಾಲದೆ ಅಲ್ಲಿಂದ ಈ ಕಡೆಗೆ ಬಾಗುತ್ತವೆ. ಬಿಲ್ಲೆ ನೋಡಿದರೆ ಸಾಕು, ಕಚ್ಚಿದವನು ಬೆಳಿಗ್ಗೆ ತಿಂದದ್ದು ಉಪ್ಪಿಟ್ಟೋ ಚಿತ್ರಾನ್ನವೋ ಹೇಳುತ್ತೇನೆ. ತಿನ್ನುವಾಗ ಹೆಂಡತಿ ಬೈಯುತ್ತಿದ್ದಳೋ ಇಲ್ಲವೋ ಅದನ್ನೂ ಹೇಳುತ್ತೇನೆ, ಆದರೆ ಅದಕ್ಕೆ ವಿದ್ಯೆ ಬೇಕಿಲ್ಲ.

ನಮ್ಮಲ್ಲಿ ಹುಟ್ಟಿದವರೆಲ್ಲ ಎರಡು ಸಲ ಕಚೇರಿಗೆ ಬಂದು ಕಚ್ಚಬೇಕು. ಹನ್ನೆರಡು ತುಂಬಿದಾಗ ಮೊದಲ ಕಚ್ಚು. ಹದಿನೆಂಟು ತುಂಬಿದ ದಿನ ಮರುಕಚ್ಚು. ಹಳೆಯ ಬಿಲ್ಲೆಯ ಮೇಲೆ ಹೊಸದನ್ನು ಜೋಡಿಸಿ ನಡುಹಗಲಿನ ಬಿಸಿಲಿಗೆ ಹಿಡಿದರೆ, ಹಲ್ಲು ತೂತು ಮಾಡಿದ ಕಡೆಗಳಲ್ಲೆಲ್ಲ ಬಿಸಿಲು ದಾಟಿ ಎದುರಿನ ಸುಣ್ಣದ ಗೋಡೆಯ ಮೇಲೆ ಚುಕ್ಕಿಗಳಾಗಿ ಬೀಳುತ್ತದೆ. ಮೇಲಿನ ಆರು, ಕೆಳಗಿನ ಆರು, ಒಟ್ಟು ಹನ್ನೆರಡು ಚುಕ್ಕಿ. ಹನ್ನೆರಡೂ ಬಿದ್ದರೆ ನೀನು ನೀನೇ. ಅಂದಿನಿಂದ ನಿನ್ನ ಬಾಯಿ ನಿನ್ನದು. ಒಂದು ಕಡಿಮೆ ಬಿದ್ದರೂ ನೀನು ಪರಬಾಯಿ. ಅಂದರೆ ಸಾಯುವವರೆಗೂ ನಿನ್ನ ಪರವಾಗಿ ಮನೆಯ ಹಿರಿಯ ಕಚ್ಚುತ್ತಾನೆ. ನೀನು ಓದಬೇಕೋ, ಮದುವೆಯಾಗಬೇಕೋ, ಯಾರನ್ನಾಗಬೇಕೋ, ಎಲ್ಲ ಅವನ ಹಲ್ಲಿಗೆ ಬಿಟ್ಟದ್ದು. ಹಿಂದೆಲ್ಲ ಪರಬಾಯಿ ಎಂದರೆ ಮರದಿಂದ ಬಿದ್ದೋ ಎತ್ತು ಒದ್ದೋ ಹಲ್ಲು ಕಳೆದುಕೊಂಡವರು, ಹತ್ತು ವರ್ಷಕ್ಕೊಬ್ಬರು. ಆಮೇಲೆ ಊರಿಗೆ ಝಣಕ್ ಬಂತು.

ಝಣಕ್ ಎಂದರೆ ಬಾಟಲಿಯಲ್ಲಿ ಬರುವ ನೀರು. ಹಸಿರು, ಕಿತ್ತಳೆ, ನೀಲಿ, ಮೂರು ಬಣ್ಣ. ನೀಲಿ ಯಾವ ಹಣ್ಣಿನದೆಂದು ಭೂಮಿಯ ಮೇಲಿನ ಯಾವ ಹಣ್ಣಿಗೂ ಗೊತ್ತಿಲ್ಲ. ಮುಚ್ಚಳ ತೆಗೆದರೆ ಎಂಥ ಸದ್ದೆಂದರೆ, ಆಚೆ ಬೀದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ನಮಸ್ಕಾರ ಮಾಡುತ್ತಿದ್ದವು. ಊರಿಗೆ ಅದನ್ನು ತಂದವರು ನಮ್ಮ ಪಂಚಾಯಿತಿ ಅಧ್ಯಕ್ಷರಾದ ಬೋರಲಿಂಗಪ್ಪನವರು. ಅವರು ನನಗೆ ನೆಂಟರು. ನನ್ನ ತಂಗಿ ಗಂಗರತ್ನಳನ್ನು ಅವರ ತಮ್ಮನಿಗೆ ಕೊಟ್ಟಿದ್ದೆವು. ತಮ್ಮ ತೀರಿಕೊಂಡ, ಗಂಗರತ್ನ ಮತ್ತು ಅವಳ ಮಗಳು ಬೋರಲಿಂಗಪ್ಪನವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಉಳಿದರು. ಅಧ್ಯಕ್ಷರು ಝಣಕ್‌ನ ಏಜೆಂಟರಾದ ದಿನದಿಂದ ಶಾಲೆಯ ಗೇಟಿಗೊಂದು, ಬಸ್ ನಿಲ್ದಾಣಕ್ಕೊಂದು, ಗ್ರಂಥಾಲಯದ ಒಳಗೊಂದು ಅಂಗಡಿ ಎದ್ದವು. ಜನರಿಗೆ ನಂಬಿಕೆ ಬರಲೆಂದು ಪ್ರತಿ ಪೆಟ್ಟಿಗೆಯ ಮೊದಲ ಬಾಟಲಿಯನ್ನು ಅಧ್ಯಕ್ಷರೇ ಸಾರ್ವಜನಿಕವಾಗಿ ಕುಡಿದು ತೋರಿಸುತ್ತಿದ್ದರು. ಸಭೆಯಲ್ಲೂ ಮೇಜಿನ ಮೇಲೆ ನೀಲಿ ಬಾಟಲಿ. ಒಂದು ಠರಾವಿಗೆ ಒಂದು ಗುಟುಕು. ನಮ್ಮ ಸಭೆಗಳು ಎಷ್ಟು ಉದ್ದವೆಂದು ಗೊತ್ತಿರುವವರಿಗೆ ಲೆಕ್ಕ ಬೇಕಿಲ್ಲ.

ಮಕ್ಕಳು ಒಂದು ಆಟ ಹುಟ್ಟಿಸಿದರು. ಹೆಸರು ಗುಳುಗುಳು. ಒಂದು ಗುಟುಕು ಝಣಕ್ ಬಾಯಿಗೆ ಹಾಕಿ, ನುಂಗದೆ, ಕೆನ್ನೆಯಿಂದ ಕೆನ್ನೆಗೆ ಆಡಿಸುತ್ತ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೋ ಅವರು ಗೆದ್ದಂತೆ. ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆನ್ನೆ ಉಬ್ಬಿಸಿಕೊಂಡೇ ತಿರುಗುತ್ತಿದ್ದರು. ಮೇಷ್ಟರು ಪ್ರಶ್ನೆ ಕೇಳಿದರೆ ಇಡೀ ತರಗತಿ ಗುಳುಗುಳು ಎನ್ನುತ್ತಿತ್ತು. ಮೇಷ್ಟರು ಅದನ್ನೇ ಉತ್ತರವೆಂದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತಿದ್ದರು.

ಮೂರು ವರ್ಷ ಕಳೆದ ಮೇಲೆ ಆ ಮಕ್ಕಳು ಹದಿನೆಂಟಕ್ಕೆ ಬರತೊಡಗಿದರು. ಮೊದಲು ಬಂದವನು ಮರಗೆಲಸದ ಈರಣ್ಣನ ಮಗ ಕೊಟ್ರೇಶಿ. ಬಿಲ್ಲೆ ಕಚ್ಚಿದ. ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಒಂಬತ್ತೇ ಚುಕ್ಕಿ. ಹಲ್ಲುಗಳ ಅಂಚು ಸವೆದು ಮೇಣವನ್ನು ತೂರುವಷ್ಟು ಉದ್ದವೇ ಉಳಿದಿರಲಿಲ್ಲ. ಹುಡುಗ ಅಳುತ್ತ ನಿಂತ. ಅವನಪ್ಪ ಈರಣ್ಣ ಮಾತ್ರ ಅಷ್ಟೇನೂ ಅಳಲಿಲ್ಲ. "ಇರ್ಲಿ ಬಿಡಿ ಓಬಳೇಶಪ್ನೋರೆ, ನಾನಿಲ್ವಾ? ನಾನೇ ಕಚ್ತೀನಿ ಅವನ ಪರವಾಗಿ. ಪ್ಯಾಟೆಗೋಗಿ ಮೋಟ್ರು ರಿಪೇರಿ ಕಲೀತೀನಿ ಅಂತ ಕುಣೀತಿದ್ದ. ಈಗ ತೆಪ್ಪಗೆ ಉಳಿ ಹಿಡೀತಾನೆ," ಎಂದ. ಆ ತಿಂಗಳಲ್ಲೇ ಇನ್ನೂ ಆರು ಮಕ್ಕಳು ಪರಬಾಯಿಗಳಾದರು, ಆರು ಅಪ್ಪಂದಿರು ಮೀಸೆಯೊಳಗೇ ನಕ್ಕರು. ಊರಿನ ಹಿರಿಯರೆಲ್ಲ ಅಯ್ಯೋ ಮಕ್ಕಳ ಹಲ್ಲು, ಮಕ್ಕಳ ಹಲ್ಲು ಎಂದು ಎದೆ ಬಡಿದುಕೊಳ್ಳುತ್ತಲೇ ಮಕ್ಕಳ ಕೈಗೆ ಇನ್ನೊಂದು ಬಾಟಲಿ ಕೊಡಿಸಿದರು. ಇಷ್ಟು ಸಿಹಿಯಾದ ಕಡಿವಾಣ ಹಿಂದೆ ಯಾವ ಅಪ್ಪನಿಗೂ ಸಿಕ್ಕಿರಲಿಲ್ಲ.

ನಾನು ಅಂಥವನಲ್ಲ. ನನಗೆ ಕರುಳಿದೆ, ಅದಕ್ಕಿಂತ ಹೆಚ್ಚಾಗಿ ತಲೆಯಿದೆ. ಸಭೆಯಲ್ಲಿ ಎದ್ದು ನಿಂತು, ಜಗತ್ತಿನಲ್ಲಿ ಹಿಂದೆ ಯಾರೂ ಕೊಡದ ಸಲಹೆಯೊಂದನ್ನು ಕೊಟ್ಟೆ: ಝಣಕ್ ಕುಡಿದವರೆಲ್ಲ, ಕುಡಿದ ಆ ಕ್ಷಣವೇ, ಬಾಟಲಿ ಕೆಳಗಿಡುವ ಮುಂಚೆಯೇ, ಗಸಗಸ ಹಲ್ಲುಜ್ಜಬೇಕು! ಅದಕ್ಕಾಗಿ ನಾನೇ ಸ್ವಂತ ಕೈಯಿಂದ ಇಟ್ಟಿಗೆಪುಡಿ, ಕಲ್ಲುಪ್ಪು, ಇದ್ದಿಲು ಅರೆದು ಓಬಳೇಶ ದಂತಚೂರ್ಣವನ್ನು ಕಂಡುಹಿಡಿದೆ. ಅದು ಹಲ್ಲಿಗೆ ಸೋಕಿದರೆ ಕತ್ತಲಕೋಣೆಯಲ್ಲಿ ದೀಪ ಬೇಡ. ಒಬ್ಬ ಹುಡುಗ ನಕ್ಕಾಗ ಕಣ್ಣು ಕೋರೈಸಿ ಬಸ್ಸಿನ ಡ್ರೈವರು ಬ್ರೇಕು ಹಾಕಿದ್ದನ್ನು ನಾನೇ ನೋಡಿದ್ದೇನೆ. ಬೋರಲಿಂಗಪ್ಪನವರಿಗಂತೂ ಸಲಹೆ ತುಂಬ ಹಿಡಿಸಿತು. "ಭೇಷ್ ಭಾವ! ಕುಡಿಯೋದನ್ನ ನಿಲ್ಲಿಸ್ಬೇಕಾಗಿಲ್ಲ, ಉಜ್ಜಿದ್ರೆ ಸಾಕು. ಇದು ವಿಜ್ಞಾನ ಅಂದ್ರೆ," ಎಂದು ಒಂದು ಗುಟುಕು ಕುಡಿದು ಠರಾವು ಪಾಸು ಮಾಡಿದರು. ಅಂಗಡಿ ಅಂಗಡಿಯಲ್ಲೂ ಬಾಟಲಿಯ ಪಕ್ಕ ನನ್ನ ಚೂರ್ಣದ ಡಬ್ಬಿ ಬಂತು. ಜನರಿಗೆ ನಂಬಿಕೆ ಬರಲೆಂದು ನಾನೂ ಬೀದಿ ಬೀದಿಯಲ್ಲಿ ನಿಂತು ತೋರಿಸಿದೆ. ಅಧ್ಯಕ್ಷರು ಕುಡಿದು ತೋರಿಸಿದರೆ ನಾನು ಕುಡಿದು, ಉಜ್ಜಿ, ಉಗುಳಿ ತೋರಿಸಿದೆ. ದಿನಕ್ಕೆ ನಲವತ್ತು ಸಲ. ಮೂವತ್ತೊಂಬತ್ತು ಎನ್ನುವವರು ಹೊಟ್ಟೆಕಿಚ್ಚಿನವರು.

ಊರಿನಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ, ಗಂಗರತ್ನಳ ಮಗಳು ಮಂದಾರ. ಹದಿನೇಳರ ಹುಡುಗಿ, ಉದ್ದ ಕಾಲು, ಇನ್ನೂ ಉದ್ದ ನಾಲಿಗೆ. ಆಕೆಗೆ ಒಂದೇ ಹುಚ್ಚು: ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲವಲ್ಲ, ಮೂರು ಗುಡ್ಡದಾಚೆಯ ಸರ್ವೆ ಶಾಲೆಗೆ ಸೇರಿ ಅಳೆಯುವುದನ್ನು ಕಲಿತು ಬಂದು ಊರನ್ನು ನಕ್ಷೆಗೆ ಏರಿಸಬೇಕು. "ಊರು ನಕ್ಷೆಗೆ ಬಂದ್ರೆ ಏನ್ ಬಂತೇ?" ಎಂದು ಕೇಳಿದ್ದೆ. "ಮಾವ, ನಕ್ಷೆ ಇದ್ರೆ ಹೊರಗ್ ಹೋಗೋ ದಾರಿ ಗೊತ್ತಾಗುತ್ತೆ," ಎಂದಿದ್ದಳು. ಬೋರಲಿಂಗಪ್ಪನವರ ಲೆಕ್ಕಾಚಾರ ಬೇರೆ ಇತ್ತು. ಝಣಕ್ ಕಾರ್ಖಾನೆಯ ಸಾಹುಕಾರರಿಗೆ ಒಬ್ಬ ತಂಗಿ, ಆ ತಂಗಿಗೆ ಒಬ್ಬ ಮಗ. ನಾನು ಅವನನ್ನು ನೋಡಿದ್ದೇನೆ. ಕುಳಿತಲ್ಲಿಂದ ಏಳಲು ಇಬ್ಬರು ಬೇಕು, ಮೂರನೆಯವನು ಬಾಟಲಿ ಹಿಡಿದುಕೊಳ್ಳಲು. ಮಂದಾರಳ ಮರುಕಚ್ಚು ಸರಿಯಾದರೆ ಆಕೆಯೇ ಕಚ್ಚಿ ಸರ್ವೆ ಶಾಲೆಗೆ ಹೋಗುತ್ತಾಳೆ. ಚುಕ್ಕಿ ಕಡಿಮೆ ಬಿದ್ದರೆ ಮನೆಯ ಹಿರಿಯರಾದ ದೊಡ್ಡಪ್ಪ ಬೋರಲಿಂಗಪ್ಪನವರು ಆಕೆಯ ಪರವಾಗಿ ಮದುವೆಯ ಬಿಲ್ಲೆ ಕಚ್ಚುತ್ತಾರೆ. ಆದ್ದರಿಂದಲೇ ಮನೆಗೆ ಬರುವಾಗಲೆಲ್ಲ, "ತಗೊಳ್ಳವ್ವ ಮಗಳೇ, ತಣ್ಣಗೆ ಕುಡಿ," ಎಂದು ಒಂದು ಕಿತ್ತಳೆ ಬಾಟಲಿ ಕೊಡುತ್ತಿದ್ದರು. ದೊಡ್ಡಪ್ಪ ಪ್ರೀತಿಯಿಂದ ಕೊಟ್ಟದ್ದನ್ನು ಹುಡುಗಿ ಕುಡಿಯುತ್ತಿದ್ದಳು, ಕುಡಿದ ಆ ಕ್ಷಣವೇ ಓಡಿಬಂದು ನನ್ನ ಕಣ್ಣೆದುರಿಗೇ ನನ್ನ ಚೂರ್ಣದಿಂದ ಉಜ್ಜುತ್ತಿದ್ದಳು. ನಾನು, "ಇನ್ನೂ ಗಟ್ಟಿಯಾಗಿ! ಇನ್ನೂ!" ಎಂದು ಹುರಿದುಂಬಿಸುತ್ತಿದ್ದೆ.

ಮರುಕಚ್ಚಿಗೆ ಎಂಟು ತಿಂಗಳಿದ್ದಾಗ ಮಂದಾರ ತಣ್ಣೀರು ಕುಡಿದು ಕೆನ್ನೆ ಹಿಡಿದುಕೊಂಡು ಕುಳಿತಳು. ಗಂಗರತ್ನ, "ಅಣ್ಣ, ಬಾ, ಹಲ್ಲಿನ ಡಾಕ್ಟ್ರಮ್ಮನ್ ಹತ್ರ ಹೋಗೋಣ," ಎಂದಳು. ಡಾಕ್ಟರ್ ಜುಬೇದಾ ಹೊರಗಿನಿಂದ ಬಂದವರು. ಅವರ ಕಚ್ಚು ನಮ್ಮ ಕಚೇರಿಯಲ್ಲಿ ಇರಲಿಲ್ಲವಾದ್ದರಿಂದ ಊರಿನ ಪ್ರಕಾರ ಅವರು ಇರಲೇ ಇಲ್ಲ. ಇಲ್ಲದವರ ದವಾಖಾನೆಗೆ ಹೋಗುವುದು ಹೇಗೆಂದು ಜನ ಹೋಗುತ್ತಿರಲಿಲ್ಲ. ನಾನು ಹೋದೆ, ಅವರಿಗೆ ಒಂದಿಷ್ಟು ಕಲಿಸಿಬರೋಣವೆಂದು. ಮಂದಾರಳ ಬಾಯಿಗೆ ಪುಟ್ಟ ಕನ್ನಡಿ ಇಟ್ಟು ನೋಡಿದವರೇ, "ದಿನಕ್ಕೆ ಎಷ್ಟು ಬಾಟಲಿ ಕುಡೀತೀಯಮ್ಮ?" ಎಂದರು.

"ಒಂದು. ಕೆಲವು ದಿನ ಎರಡು. ಆದ್ರೆ ಕುಡಿದ ತಕ್ಷಣ ಉಜ್ತೀನಿ ಡಾಕ್ಟ್ರೇ. ಮಾವನ ಪುಡಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಓಬಳೇಶಪ್ಪ ಅಂದ್ರೆ ನೀವೇನಾ? ಒಂದು ಮಾತು ಕೇಳ್ತೀನಿ. ಗೋಡೆಗೆ ಗಾರೆ ಮೆತ್ತಿ, ಅದು ಹಸಿ ಇರುವಾಗ್ಲೇ ತೆಂಗಿನ ಪೊರಕೆ ತಗೊಂಡು ತಿಕ್ಕಿದ್ರೆ ಏನಾಗುತ್ತೆ?"

"ಗಾರೆ ಕಿತ್ಕೊಂಡು ಬರುತ್ತೆ. ಅಷ್ಟೂ ಗೊತ್ತಿಲ್ವ?" ಎಂದೆ, ಗತ್ತಿನಿಂದ.

"ಗೊತ್ತಿದ್ದೂ ಊರಿಗೆಲ್ಲ ಅದನ್ನೇ ಮಾಡ್ಸಿದ್ರಲ್ಲ ಸ್ವಾಮಿ. ಆ ನೀರಲ್ಲಿ ಸಕ್ಕರೆ ಮಾತ್ರ ಅಲ್ಲ, ಹುಳಿ ಇದೆ, ಆಸಿಡ್ಡು. ಹುಳಿ ಮುಟ್ಟಿದ ಹಲ್ಲು ಸ್ವಲ್ಪ ಹೊತ್ತು ಹಸಿ ಗಾರೆ ಇದ್ದಂಗೆ. ಬಾಯಿಗೆ ಬಿಟ್ಟರೆ ಎಂಜಲೇ ಅದನ್ನ ನಿಧಾನಕ್ಕೆ ಗಟ್ಟಿ ಮಾಡುತ್ತೆ. ಒಂದು ಗಂಟೆ ಸುಮ್ನಿದ್ದು ಆಮೇಲೆ ಮೆತ್ತಗೆ ಉಜ್ಜಿದ್ರೆ ಇಷ್ಟೊಂದು ಆಗ್ತಿರ್ಲಿಲ್ಲ. ನೀವು ಆ ಕ್ಷಣಕ್ಕೇ, ಅದೂ ಇಟ್ಟಿಗೆಪುಡಿ ಹಾಕಿ ತಿಕ್ಕಿಸಿದ್ದೀರಿ. ಗುಳುಗುಳು ಆಡೋ ಹುಡುಗರ ಹಲ್ಲೆಷ್ಟು ಹೋಗಿದ್ಯೋ, ಕುಡಿಯೋದೇ ಕಮ್ಮಿ ಇರೋ ಈ ಹುಡುಗೀದೂ ಅಷ್ಟೇ ಹೋಗಿದೆ."

"ಬೆಳೆಯುತ್ತಲ್ಲ? ಮತ್ತೆ?" ಎಂದೆ. "ಉಗುರಲ್ಲ ಅದು. ಹೋದ ಪದರ ಹೋದಂಗೇ. ಉಳಿದಿದ್ದನ್ನ ಉಳಿಸ್ಕೋಬಹುದು," ಎಂದರು. ಮಂದಾರ ನನ್ನ ಕಡೆ ನೋಡಲಿಲ್ಲ. ಗಂಗರತ್ನ ನೋಡಿದಳು. ನಮ್ಮಪ್ಪ ಬೆತ್ತ ಹಿಡಿದು ಮಾಡಲಾಗದ್ದನ್ನು ಅವಳು ಒಂದು ನೋಟದಲ್ಲಿ ಮಾಡಿದಳು.

ಆ ಎಂಟು ತಿಂಗಳು ನಾನು ಮಾಡಿದ ಸಾಹಸಗಳನ್ನು ಕೆತ್ತಲು ಊರಿನ ಬಂಡೆಗಳು ಸಾಲವು. ಮೊದಲು ನನ್ನ ಚೂರ್ಣದ ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ಕಿತ್ತು ತಂದು ಬಾವಿಕಟ್ಟೆಯ ದುರಸ್ತಿಗೆ ಸುರಿದೆ. ಇಂದಿಗೂ ಊರಿನಲ್ಲಿ ಅಷ್ಟು ಗಟ್ಟಿ ಕಟ್ಟೆ ಇನ್ನೊಂದಿಲ್ಲ. ಡಾಕ್ಟರಮ್ಮನ ಮಾತುಗಳನ್ನು ಬಾಯಿಪಾಠ ಮಾಡಿ ಶಾಲೆಯ ಗೇಟಿನಲ್ಲಿ ನಿಂತೆ. "ನೀರು ಕುಡೀರಿ, ಹಾಲು ಕುಡೀರಿ. ಆ ಪೀಡೆ ಬೇಕೇಬೇಕಂದ್ರೆ ಊಟದ ಜೊತೆ ಒಂದ್ಸಲ ಕುಡಿದು ಮುಗ್ಸಿ, ದಿನವಿಡೀ ಗುಟುಕರಿಸಬೇಡಿ. ಬಾಯಲ್ಲಿ ಆಡಿಸಬೇಡಿ. ಕುಡಿದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ. ತಕ್ಷಣ ಉಜ್ಜಬೇಡಿ!" ಎಂದು ಕೂಗಿದೆ. ಹಲ್ಲಿಗೆ ತಾಗದಂತೆ ಹಿಂದಕ್ಕೆ ಹೀರಲೆಂದು ಪರಂಗಿ ಎಲೆಯ ಟೊಳ್ಳು ದಂಟುಗಳನ್ನು ಕತ್ತರಿಸಿ, ತೊಳೆದು ಹಂಚಿದೆ. ಊರಿನ ಪರಂಗಿ ಮರಗಳೆಲ್ಲ ಬೋಳಾಗಿ, ನನ್ನನ್ನು ಕಂಡರೆ ಕಾಯಿ ಮುಚ್ಚಿಕೊಳ್ಳುತ್ತಿದ್ದವು. ಹುಡುಗರು ಆ ದಂಟುಗಳಲ್ಲಿ ಹುಣಸೆಬೀಜ ಇಟ್ಟು ನನ್ನ ಮೇಲೆಯೇ ಊದಿದರು. "ಹೋದ್ ವರ್ಷ ಉಜ್ಜಿ ಉಜ್ಜಿ ಅಂದ್ರಿ, ಈ ವರ್ಷ ಉಜ್ಜಬೇಡಿ ಅಂತೀರಿ. ಮುಂದಿನ ವರ್ಷ ಹಲ್ಲನ್ನೇ ಮನೇಲಿಟ್ಟು ಬನ್ನಿ ಅಂತೀರೇನೋ," ಎಂದಳೊಬ್ಬಳು. ಊರೇ ನಕ್ಕಿತು. ಅಷ್ಟರಲ್ಲಿ ಅಧ್ಯಕ್ಷರು ಸಕ್ಕರೆಯಿಲ್ಲದ ಝಣಕ್ ಎಂಬ ಹೊಸ ಬಾಟಲಿ ತಂದು, "ನೋಡಿ, ಮಕ್ಕಳ ಹಲ್ಲಿಗೋಸ್ಕರ!" ಎಂದು ಡಂಗುರ ಹೊಡೆಸಿದರು. "ಸಕ್ಕರೆ ತೆಗೆದ್ರೂ ಹುಳಿ ಅಲ್ಲೇ ಇದೆಯಲ್ಲ," ಎಂದರು ಡಾಕ್ಟರಮ್ಮ. ಇಲ್ಲದವರ ಮಾತನ್ನು ಯಾರು ಕೇಳುತ್ತಾರೆ?

ಮಂದಾರ ಮಾತ್ರ ದೊಡ್ಡಪ್ಪ ಕೊಟ್ಟ ಬಾಟಲಿಗಳನ್ನು ಅಂದಿನಿಂದ ಮುಟ್ಟಲಿಲ್ಲ. "ಯಾಕವ್ವ, ನನ್ ಮೇಲೆ ಕೋಪಾನಾ?" ಎಂದು ಅವರು ಕೇಳಿದರೆ, "ಇಲ್ಲ ದೊಡ್ಡಪ್ಪ, ನಿಮ್ಮ ಪ್ರೀತಿ ಹಲ್ಲಿಗೆ ಜುಂ ಅನ್ನುತ್ತೆ," ಎನ್ನುತ್ತಿದ್ದಳು. ಬಿಡುವಿನ ಹೊತ್ತಿನಲ್ಲಿ ಕಚೇರಿಗೆ ಬಂದು ಕಚ್ಚಿನ ಕಟ್ಟಳೆಯ ಹಳೆಯ ಪುಸ್ತಕ ಓದುತ್ತ ಕೂರುತ್ತಿದ್ದಳು. ಆ ಪುಸ್ತಕವನ್ನು ಮೂವತ್ತೊಂದು ವರ್ಷಗಳಿಂದ ನಾನು ಸದಾ ಬಳಸುತ್ತಲೇ ಬಂದಿದ್ದೇನೆ. ಕಿಟಕಿ ಬಡಿಯದಂತೆ ಒತ್ತುಗೊಡಲು ಅದಕ್ಕಿಂತ ಒಳ್ಳೆಯದಿಲ್ಲ.

ಮರುಕಚ್ಚಿನ ದಿನ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಕ್ಷ ಜನ ಸೇರಿದ್ದರು. ಊರಿನಲ್ಲಿರುವುದೇ ನಾಲ್ಕು ಸಾವಿರ ಎಂದು ವಾದಿಸುವವರು ಅಂದು ಅಲ್ಲಿರಲಿಲ್ಲ. ಬೋರಲಿಂಗಪ್ಪನವರು ಮದುವೆಯ ಬಿಲ್ಲೆಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡೇ ಬಂದಿದ್ದರು. ವರನೂ ಬಂದು ಎರಡು ಕುರ್ಚಿಗಳ ಮೇಲೆ ಕುಳಿತಿದ್ದ. ಮಂದಾರ ಬಿಲ್ಲೆ ಕಚ್ಚಿ ಕೊಟ್ಟಳು. ಆಕೆಯ ಹನ್ನೆರಡನೆಯ ವಯಸ್ಸಿನ ಬಿಲ್ಲೆಯನ್ನು ಮಣ್ಣಿನ ಗಡಿಗೆಯಿಂದ ತೆಗೆದು, ಎರಡನ್ನೂ ಜೋಡಿಸಿ, ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಚುಕ್ಕಿಗಳು ಬಿದ್ದವು. ಒಂದು, ಎರಡು, ಐದು, ಎಂಟು. ಎಂಟೇ. ಮೇಲಿನ ನಾಲ್ಕು ಮುಂಬಲ್ಲುಗಳ ಜಾಗ ಕತ್ತಲು.

ಈಗ ನಿಜ ಹೇಳುತ್ತೇನೆ. ನನ್ನ ಕಿರುಬೆರಳಿನ ಉಗುರು ಉದ್ದವಾಗಿದೆ. ಮೇಣ ಇನ್ನೂ ಬೆಚ್ಚಗಿತ್ತು. ಎಲ್ಲರೂ ಗೋಡೆಯ ಕಡೆ ನೋಡುತ್ತಿದ್ದರು, ನನ್ನ ಕೈಯನ್ನಲ್ಲ. ಹಳೆಯ ತೂತುಗಳ ಹಿಂದೆ ನಾಲ್ಕು ಚುಚ್ಚು ಚುಚ್ಚಿದ್ದರೆ ಗೋಡೆಯ ಮೇಲೆ ಹನ್ನೆರಡು ಬೀಳುತ್ತಿದ್ದವು. ಊರಿನಲ್ಲಿ ನಾನು ಎಂಥ ಸುಳ್ಳುಗಾರನೆಂದು ಎಲ್ಲರಿಗೂ ಗೊತ್ತು, ಆದರೆ ಬಿಲ್ಲೆಯ ಮೇಲೆ ಒಂದು ಸುಳ್ಳನ್ನೂ ಹೇಳಿದವನಲ್ಲ. ಅಂದು ಉಗುರು ತಾನಾಗಿಯೇ ಮೇಣದ ಹಿಂದಕ್ಕೆ ಸರಿಯಿತು. ಒಂದು ಚುಚ್ಚಿಯೇ ಬಿಡುತ್ತಿದ್ದೆ.

"ಮಾವ," ಎಂದಳು ಮಂದಾರ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಬೆರಳು ತೆಗೀರಿ."

"ಸುಮ್ನಿರೇ. ಇದು ನನ್ನಿಂದಾದ ತಪ್ಪು."

"ಇವತ್ತು ನೀವು ಚುಚ್ಚಿದ್ರೆ, ನಾಳೆ ನಾನು ಕಚ್ಚೋ ಪ್ರತಿ ಬಿಲ್ಲೆಗೂ ನೀವೇ ಚುಚ್ಚಬೇಕು. ದೊಡ್ಡಪ್ಪನ ಹಲ್ಲಾದ್ರೇನು, ನಿಮ್ಮ ಉಗುರಾದ್ರೇನು ಮಾವ? ತೆಗೀರಿ."

ತೆಗೆದೆ. ಕಚೇರಿಯ ಗಾಜುಗಳು ಅದುರುವಂತೆ ಕೂಗಿದೆ: "ಎಂಟು! ಪರಬಾಯಿ!"

ಗಂಗರತ್ನ ಸೆರಗನ್ನು ಬಾಯಿಗಿಟ್ಟುಕೊಂಡಳು. ಬೋರಲಿಂಗಪ್ಪನವರು ರೇಷ್ಮೆ ಬಿಚ್ಚಿ ಮದುವೆಯ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿದರು. "ದೇವರು ಮಾಡಿದ್ದೆಲ್ಲ ಒಳ್ಳೇದಕ್ಕೇ," ಎಂದು ಬಾಯಿ ತೆರೆದರು.

"ದೊಡ್ಡಪ್ಪ, ಒಂದ್ನಿಮಿಷ," ಎಂದಳು ಮಂದಾರ. ಕಟ್ಟಳೆಯ ಪುಸ್ತಕ ಅವಳ ಕಂಕುಳಲ್ಲಿತ್ತು. ಪುಟ ತೆರೆದು ಓದಿದಳು: "'ಬಾಯಿ ಕೊಡುವವರು ಮೊದಲು ಬಾಯಿ ತೋರಿಸತಕ್ಕದ್ದು.' ಅಂದ್ರೆ ಪರಬಾಯಿಗೆ ಕಚ್ಚೋರ ಚುಕ್ಕೀನೂ ಹನ್ನೆರಡು ಇದೆಯಾ ಅಂತ ಅದೇ ಹೊತ್ತಿಗೆ ನೋಡ್ಬೇಕು."

ಜನ ಗುಜುಗುಜು ಎಂದರು. ಹಾಗೊಂದು ಕಟ್ಟಳೆಯಿದೆಯೆಂದು ನನಗೆ ಗೊತ್ತಿತ್ತು ಎಂದು ಈಗ ಹೇಳಬಲ್ಲೆ, ಆದರೆ ಗೊತ್ತಿರಲಿಲ್ಲ. "ಹಿರಿಯರ ಬಾಯಿಗೂ ಪರೀಕ್ಷೆನಾ? ಏನ್ ಕಾಲ ಬಂತಪ್ಪ!" ಎಂದರು ಅಧ್ಯಕ್ಷರು. ಕಳೆದ ವರ್ಷ ಮಗನ ಪರವಾಗಿ ಕಚ್ಚಿದ್ದ ಮರಗೆಲಸದ ಈರಣ್ಣ ಹಿಂದಿನ ಸಾಲಿನಿಂದ, "ನಮ್ಮನ್ನ್ ಯಾರೂ ಕೇಳ್ಲಿಲ್ಲಪ್ಪ," ಎಂದು ಗೊಣಗಿದ. ಅವನ ಪಕ್ಕದಲ್ಲಿದ್ದ ಕೊಟ್ರೇಶಿ, "ಕೇಳ್ಬೇಕಿತ್ತು," ಎಂದು ಗಟ್ಟಿಯಾಗಿ ಹೇಳಿದ. ಅಧ್ಯಕ್ಷರಿಗೆ ಬೇರೆ ದಾರಿ ಉಳಿಯಲಿಲ್ಲ. ಹೊಸ ಬಿಲ್ಲೆ ಕಚ್ಚಿದರು. ಅವರ ಐವತ್ತು ವರ್ಷ ಹಿಂದಿನ ಬಿಲ್ಲೆಯ ಜೊತೆ ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಮೂರು ಚುಕ್ಕಿ. ಪ್ರತಿ ಪೆಟ್ಟಿಗೆಯ ಮೊದಲ ಬಾಟಲಿ, ಪ್ರತಿ ಠರಾವಿನ ಗುಟುಕು, ಎಲ್ಲ ಗೋಡೆಯ ಮೇಲೆ ಕತ್ತಲಾಗಿ ಕಾಣುತ್ತಿತ್ತು. ಅಧ್ಯಕ್ಷರು ಗೋಡೆಯನ್ನೇ ಬೈಯತೊಡಗಿದರು.

"ದೊಡ್ಡಪ್ಪನಿಗೆ ಆಗದಿದ್ದರೆ ಸೋದರಮಾವ," ಎಂದು ಪುಸ್ತಕ ಹೇಳುತ್ತದಂತೆ. ಲಕ್ಷ ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ಎದೆ ಆನೆಯಷ್ಟಗಲ ಉಬ್ಬಿತು. ಇದೋ ಪ್ರಾಯಶ್ಚಿತ್ತ, ಇದೋ ಮಂದಾರಳಿಗೆ ಸರ್ವೆ ಶಾಲೆ ಎಂದು ಬಿಲ್ಲೆಯನ್ನು ಬಾಯಿಗಿಟ್ಟು, ಕಲ್ಲು ಪುಡಿಯಾಗುವಂತೆ ಕಚ್ಚಿದೆ. ನಾನೇ ಎತ್ತಿ ಹಿಡಿದೆ. ಗೋಡೆಯ ಮೇಲೆ ಏನೂ ಬೀಳಲಿಲ್ಲ. ಮೋಡ ಬಂತೇನೋ ಎಂದು ಆಕಾಶ ನೋಡಿದೆ. ಬೆಂಕಿಯಂಥ ಬಿಸಿಲು. ಮತ್ತೆ ಹಿಡಿದೆ. ಒಂದು ಚುಕ್ಕಿಯೂ ಇಲ್ಲ. ದಿನಕ್ಕೆ ನಲವತ್ತು ಸಲ ಕುಡಿದು ಉಜ್ಜಿ ತೋರಿಸಿದ ಹಲ್ಲುಗಳು ಮೇಣದ ಮೇಲೆ, ಎಮ್ಮೆ ನೆಕ್ಕಿದ ಹಾಗೆ, ಒಂದು ನುಣುಪು ಗುರುತು ಬಿಟ್ಟಿದ್ದವು. ಊರಿನವರ ಬಾಯಿಗಳನ್ನೆಲ್ಲ ಓದುವವನ ಬಾಯಿಯನ್ನು ಅವನ ಮರುಕಚ್ಚಿನ ಮೇಲೆ ಯಾರೂ ಓದಿರಲಿಲ್ಲ, ನಾನೂ ಓದಿಕೊಂಡಿರಲಿಲ್ಲ. ಸೊನ್ನೆ. ನಾನು ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ.

ಊರು ಎಷ್ಟು ಹೊತ್ತು ನಕ್ಕಿತೆಂದು ಹೇಳಲಾರೆ. ನಗು ನಿಂತ ಮೇಲೆ ಬೋರಲಿಂಗಪ್ಪನವರು, "ಹಂಗಾದ್ರೆ ಯಾರೂ ಇಲ್ಲ. ಕಟ್ಟಳೆ ಪುಸ್ತಕ ಮುಚ್ಚಿ, ಮದುವೆ ಮುಂದುವರೀಲಿ," ಎಂದರು.

"ಇನ್ನೂ ಒಂದ್ ಸಾಲು ಇದೆ ದೊಡ್ಡಪ್ಪ," ಎಂದಳು ಮಂದಾರ. ಬೆರಳನ್ನು ಪುಟದ ಕೊನೆಗೆ ಇಳಿಸಿದಳು. "'ಇವರು ಯಾರೂ ಇಲ್ಲದ ಪಕ್ಷದಲ್ಲಿ, ತಾಯಿ.'"

ಎಲ್ಲರೂ ಗಂಗರತ್ನಳನ್ನು ಹುಡುಕಿದರು. ಹುಡುಕಬೇಕಾಗಿತ್ತು, ಏಕೆಂದರೆ ಅವಳು ಕಂಬದ ಹಿಂದಿದ್ದಳು. ಅಧ್ಯಕ್ಷರು ನಕ್ಕರು. "ಅವಳು ಮರುಕಚ್ಚೇ ಕೊಟ್ಟಿಲ್ಲ. ಅವಳ ಬಾಯೇ ಅವಳದಲ್ಲ, ಮಗಳಿಗೇನ್ ಕೊಡ್ತಾಳೆ?"

ಗಂಗರತ್ನ ಕಂಬದ ಹಿಂದಿನಿಂದ ಬಂದಳು. "ಹೌದು ಭಾವ, ಕೊಟ್ಟಿಲ್ಲ," ಎಂದಳು. "ಹದಿನೆಂಟು ತುಂಬೋ ಮುಂಚೇನೇ ಮದುವೆ ಬಿಲ್ಲೆ ಅಪ್ಪ ಕಚ್ಚಿದ್ರು, ಆಮೇಲೆ ಮರುಕಚ್ಚಿಗೆ ಯಾರೂ ಕರೀಲಿಲ್ಲ. ಮನೆ ಬಿಲ್ಲೆ ನಿಮ್ಮ ತಮ್ಮ ಕಚ್ಚಿದ್ರು. ಅವ್ರು ಹೋದ್ಮೇಲೆ ಎಲ್ಲ ನೀವೇ ಕಚ್ಚಿದ್ರಿ. ನನ್ನ ಹಲ್ಲು ಹೊಸಾದ್ ಹೊಸಾದಂಗೇ ಇದೆ. ಇನ್ನು ನಿಮ್ಮ ಬಾಟ್ಲಿ ನೀರು ಅಂತೀರಾ, ನನ್ನ ಮಗಳಿಗೆ ಕೊಟ್ರಿ, ಊರಿಗೆಲ್ಲ ಕೊಟ್ರಿ. ಅಡುಗೆಮನೇಲಿರೋಳಿಗೆ ಒಂದು ಗುಟುಕು ಬೇಕಾ ಅಂತ ಯಾರೂ ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಮರುಕಚ್ಚಿಗೆ ಹದಿನೆಂಟು ದಾಟಿರ್ಬೇಕು ತಾನೆ? ದಾಟಿ ಇಪ್ಪತ್ತೆರಡು ವರ್ಷ ಆಯ್ತು. ಕೊಡು ಬಿಲ್ಲೆ," ಎಂದಳು.

ಅವಳ ಹಳೆಯ ಬಿಲ್ಲೆಯನ್ನು ಗಡಿಗೆಯ ತಳದಿಂದ ಹುಡುಕಿ ತೆಗೆದೆ. ಹೊಸದೊಂದನ್ನು ಅವಳ ಕೈಗಿಟ್ಟೆ. ಕಚ್ಚಿದಳು. ಅಷ್ಟು ಗಟ್ಟಿಯಾಗಿ ಮೇಣ ಕಚ್ಚಿದ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಎರಡೂ ಬಿಲ್ಲೆಗಳನ್ನು ಜೋಡಿಸಿ ಹಿಡಿದೆ. ಸುಣ್ಣದ ಗೋಡೆಯ ಮೇಲೆ ಹನ್ನೆರಡು ಚುಕ್ಕಿಗಳು ಒಂದೂ ತಪ್ಪದೆ ಬಿದ್ದವು. ಯಾರೂ ಎಣಿಸಿ ಹೇಳಬೇಕಾಗಲಿಲ್ಲ. ವರ ಎರಡೂ ಕುರ್ಚಿಗಳಿಂದ ಒಬ್ಬನೇ ಎದ್ದು ನಿಂತ. ಅಧ್ಯಕ್ಷರು ರೇಷ್ಮೆಯನ್ನು ಮತ್ತೆ ಸುತ್ತತೊಡಗಿದರು, ಒಳಗೆ ಬಿಲ್ಲೆ ಇಡುವುದನ್ನು ಮರೆತು.

ಗಂಗರತ್ನ, ಮಗಳು ತಂದಿದ್ದ ಸರ್ವೆ ಶಾಲೆಯ ಬಿಲ್ಲೆಯನ್ನು ಕೈಗೆತ್ತಿಕೊಂಡು ಅವಳನ್ನು ಕೇಳಿದಳು: "ಇದೇನಾ? ಕಚ್ಲಾ?" ಮೂವತ್ತೊಂದು ವರ್ಷಗಳಲ್ಲಿ ಪರಬಾಯಿಗೆ ಕಚ್ಚುವವರು ಕಚ್ಚುವ ಮುನ್ನ ಆ ಮಾತನ್ನು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮಂದಾರ ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದಳು. ಅತ್ತರೆ ಹಲ್ಲಿಗೆ ಗಾಳಿ ತಾಗಿ ಜುಂ ಎನ್ನುತ್ತದೆ ಅವಳಿಗೆ.

ಅವಳು ಗುಡ್ಡದಾಚೆ ಹೋಗಿ ಎರಡು ವರ್ಷವಾಯಿತು. ಓದಿಗೂ ಕೆಲಸಕ್ಕೂ ತಾಯಿಯ ಕಚ್ಚು ಬೇಕು, ಬೇಕಾದಾಗಲೆಲ್ಲ ಗಂಗರತ್ನ ಬಸ್ಸು ಹತ್ತಿ ಹೋಗುತ್ತಾಳೆ, ಕೇಳುತ್ತಾಳೆ, ಕಚ್ಚುತ್ತಾಳೆ. ಆ ನಾಲ್ಕು ಚುಕ್ಕಿಗಳು ಮತ್ತೆ ಬರುವುದಿಲ್ಲ. ಪರಬಾಯಿಯಾದ ನನ್ನ ಪರವಾಗಿ ಕಚ್ಚುವವಳೂ ಈಗ ಗಂಗರತ್ನಳೇ. ನಾನು ಹಾಲು ತರಿಸಿಕೊಳ್ಳಬೇಕಾದರೂ ತಂಗಿಯ ಬಾಯಿ ಬೇಕು. ಅವಳದ್ದು ಒಂದೇ ಷರತ್ತು: ದಿನಾ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನೀರಿನ ಕೊಡ ಇಟ್ಟುಕೊಂಡು ನಿಲ್ಲಬೇಕು, ಮಕ್ಕಳು ಕೇಳಿದರೆ ಬಾಯಿ ತೆರೆದು ತೋರಿಸಬೇಕು, ಹೀಗೆ ಮಾಡಿದ್ದು ಯಾರ ಪುಡಿ ಎಂದು ಹೆಸರು ಸಹಿತ ಹೇಳಬೇಕು. ನಿಲ್ಲುತ್ತೇನೆ. ತೆರೆಯುತ್ತೇನೆ. ಹೇಳುತ್ತೇನೆ. ನಿನ್ನೆ ಮುನ್ನೂರು ಮಕ್ಕಳು ನನ್ನ ಬಾಯಿಯನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಅವರಲ್ಲಿ ಒಬ್ಬಳು ನೀಲಿ ಬಾಟಲಿಯನ್ನು ಅರ್ಧಕ್ಕೇ ಕಲ್ಲಿನ ಮೇಲಿಟ್ಟು, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿ‍ಸಿದಳು. ಹತ್ತು ಎಂದು ಬಾಯಿಗೆ ಬರುತ್ತಿದೆ, ಆದರೆ ಒಬ್ಬಳು. ಒಬ್ಬಳೇ.